ಕಪ್ಪು ಜೇನಿನ ಕತೆ



ಮಗಳ ಬಾಳಂತನಕ್ಕೆ ಹೇಳಿ ಅಮೇರಿಕಕ್ಕೆ ಹೋಗಿ ಆರು ತಿಂಗಳು ಕೂದಿಕ್ಕಿ ಬಂದರೂ ಅಲ್ಲಿಯಾಣ ಸುದ್ದಿ ಒಂದನ್ನೂ ಬರದ್ದಿಲ್ಲೆ ಹೇಳಿ ದೊಡ್ಡಬ್ಬೆ ಪರಂಚಿದವು. ದೊಡ್ಡ ದೊಡ್ಡ ಕಟ್ಟೋಣ, ಜಲಪಾತ ಎಲ್ಲ ನಿಂಗೊ ಫೋಟಲ್ಲಿ ನೋಡಿದ್ದಿ. ಹಾಂಗಾಗಿ ಆನು ಒಂದು ಕುಪ್ಪಿ ಜೇನಿನ ಕತೆ ಹೇಳ್ತೆ. ಕತೆ ಹೇಳಿರೆ ಕಟ್ಟುಕತೆ ಅಲ್ಲ, ಚರಿತ್ರೆಯೇ. ರಜ್ಜ ಉದ್ದ ಇದ್ದು, ಮಧ್ಯಾಹ್ನದ ಕೆಲಸ ಮುಗುದ ಮೇಲೆ ಓದಿ.

ಮಗಳ ಮನೆ ನ್ಯೂಯಾರ್ಕ್ ರಾಜ್ಯಲ್ಲಿ. ನ್ಯೂಯಾರ್ಕ್ ಹೇಳಿದ ಕೂಡ್ಲೆ ಎತ್ತರದ ಕಟ್ಟೋಣದ ಪೇಟೆ ಹೇಳಿ ಗ್ರೇಶೆಡಿ. ಆ ಪೇಟೆಂದ ಕಾರಿಲಿ ಐದಾರು ಗಂಟೆ ದೂರ, ರಾಚೆಸ್ಟರ್ ಹೇಳ್ತ ಊರು. ಸುತ್ತ ದೊಡ್ಡ ಕೆರೆಗೊ, ಸೇಬಿನ ತೋಟ, ಜೋಳದ ಗದ್ದೆ. ಹೋದ ಮರದಿನ ಉದಿಯಪ್ಪಗ ಆನು ತೆಳ್ಳವು ಎರದೆ. ಕೂಡ್ಲೆ ಜೇನು ಇದ್ದಾ ಹೇಳಿ ಕೇಳಿದ್ದಕ್ಕೆ ಮಗಳು ಕಪಾಟಿಂದ ಒಂದು ಕುಪ್ಪಿ ತೆಗದು ಮಡುಗಿತ್ತು. ನೋಡಿರೆ ಕಪ್ಪು! ಬೆಲ್ಲದ ಪಾಕ ಕರಂಚಿದ ಹಾಂಗೆ. ಮುಚ್ಚಲು ತೆಗದಪ್ಪಗ ಪರಿಮ್ಮಳವೂ ಆಲೆಮನೆಲಿ ನಿಂದ ಹಾಂಗೆ, ಅದರೊಟ್ಟಿಂಗೆ ಹಟ್ಟಿಯ ವಾಸನೆಯೂ ರಜ್ಜ. ತಿಂದರೆ ನಮ್ಮ ಜೇನಿನಷ್ಟು ಚೀಪೆ ಇಲ್ಲೆ, ಅಖೇರಿಗೆ ದೊಂಡೆಲಿ ಚೂರು ಕೈಕ್ಕೆ.

“ಇದು ಹಾಳಾಯಿದು ಕೂಸೇ, ಇಡ್ಕು” ಹೇಳಿದೆ.

ಮಗಳು ನೆಗೆ ಮಾಡಿತ್ತು. “ಹಾಳಾದ್ದಲ್ಲ ಅಬ್ಬೆ. ಅದು ಬಕ್‌ವೀಟ್ ಹೂಗಿನ ಜೇನು. ಅದು ಹುಟ್ಟುವಗಳೇ ಕಪ್ಪು.”

ದೊಡ್ಡ ಪುಳ್ಳಿ ಮಾಣಿಗೆ ಅಂಬಗ ಐದು ವರ್ಷ. ಶಾಲೆ ಸುರುವಾದ ವಾರವೇ ಶೀತ, ಇರುಳಿಡೀ ಸೆಮ್ಮ. ಮಗಳು ಅವಂಗೆ ಮನುಗುವ ಮದಲು ಅರ್ಧ ಚಮಚ ಇದೇ ಕಪ್ಪು ಜೇನು ಕೊಟ್ಟತ್ತು. ಡಾಕ್ಟ್ರೇ ಹೇಳಿದ್ದವಡ. ಸರಿ ಹೇಳಿ ಆನು ಸುಮ್ಮನೆ ಕೂದೆ.

ಹತ್ತು ದಿನ ಕಳುದು ಸಣ್ಣದು ಹುಟ್ಟಿತ್ತು, ಕೂಸು. ಆನು ಊರಿಂದ ಹೋಪಗಳೇ ಬೇಗಿನ ಎಡೆಲಿ ಸಣ್ಣ ಕುಪ್ಪಿಲಿ ನಮ್ಮ ತೋಟದ ತೊಡುವೆ ಜೇನು ಕೊಂಡೋಗಿತ್ತಿದ್ದೆ. ಎಂತಕೆ ಹೇಳಿ ನಿಂಗೊಗೆ ಬೇರೆ ಹೇಳೆಕ್ಕಾ? ಹುಟ್ಟಿದ ಮಕ್ಕೊಗೆ ಚಿನ್ನದ ಉಂಗಿಲಲ್ಲಿ ಜೇನೂ ತುಪ್ಪವೂ ನಕ್ಕುಸುವ ಕ್ರಮ ನಮ್ಮಲ್ಲಿ ಇದ್ದನ್ನೆ. ಎನ್ನ ಇಬ್ರು ಮಕ್ಕೊಗೂ ಅತ್ತೆಯೇ ಕೂದು ನಕ್ಕುಸಿದ್ದವು. ಕುಪ್ಪಿ ಹೆರ ತೆಗದಪ್ಪಗ ಮಗಳು “ಬೇಡ ಅಬ್ಬೆ, ಒಂದು ವರ್ಷ ಅಪ್ಪನ್ನಾರ ಜೇನು ಮುಟ್ಟುಸುಲಾಗ, ಆಸ್ಪತ್ರೆಲಿ ಬರದೇ ಕೊಟ್ಟಿದವು” ಹೇಳಿತ್ತು.

ಎನಗೆ ಪಿಸುರು ಬಂತು. ಅಣ್ಣಂಗೆ ಮದ್ದು ಆದ್ದದು ತಂಗೆಗೆ ವಿಷ ಅಪ್ಪದು ಹೇಂಗೆ? “ನಿನಗೆ ಕೊಟ್ಟಿದೆಯೊ, ನಿನ್ನ ಅಣ್ಣಂಗೆ ಕೊಟ್ಟಿದೆಯೊ, ನಿಂಗೊಗೆ ಎಂತ ಆಯಿದು?” ಹೇಳಿ ಕೇಳಿದೆ. ಅದು ಉತ್ತರ ಕೊಟ್ಟಿದಿಲ್ಲೆ. ಆ ದಿನ ಇಡೀ ಎಂಗೊ ಅಬ್ಬೆ ಮಗಳು ಸರಿಯಾಗಿ ಮಾತಾಡಿದ್ದೇ ಇಲ್ಲೆ.

ಆದರೆ ಪ್ರಶ್ನೆ ಮಂಡೆಲಿ ಕೂದತ್ತು. ಸಣ್ಣದು ಒರಗಿಪ್ಪಗ ಓದುಲೆ ಲೈಬ್ರೆರಿಂದ ಪುಸ್ತಕ ತರ್ಸಿದೆ. ಶನಿವಾರದ ಸಂತೆಲಿ ಜೇನು ಮಾರುವ ಒಬ್ಬ ಅಜ್ಜನ ಹತ್ರೆ ಅಳಿಯನ ಕೈಲಿ ಕೇಳ್ಸಿ ತಿಳ್ಕೊಂಡೆ. ಪಿಯುಸಿಲಿ ಎನಗೆ ಚರಿತ್ರೆಲಿ ಒಳ್ಳೆ ಮಾರ್ಕು ಇತ್ತು. ಮೂವತ್ತೈದು ವರ್ಷ ಕಳುದು ಅದು ಉಪಕಾರಕ್ಕೆ ಬಂತು ಹೇಳಿ ಕಾಣ್ತು.

ಬಕ್‌ವೀಟ್ ಹೇಳಿರೆ ಹೆಸರಿಲಿ ಮಾಂತ್ರ ಗೋಧಿ. ಅದು ಹುಲ್ಲಿನ ಜಾತಿಯೇ ಅಲ್ಲ. ಬಿತ್ತು ಮೂರು ಮೂಲೆದು, ಕಂದು ಬಣ್ಣ. ಯುರೋಪಿನ ಬೀಚ್ ಹೇಳ್ತ ಮರದ ಬಿತ್ತಿನ ಹಾಂಗೆ ಕಾಣ್ತು ಹೇಳಿ ಡಚ್ಚರು ‘ಬೀಚ್ ಗೋಧಿ’ ಹೇಳ್ತ ಅರ್ಥದ ಹೆಸರು ಮಡುಗಿದವು, ಅದುವೇ ಮತ್ತೆ ಬಕ್‌ವೀಟ್ ಆತು. ಉತ್ತರ ಭಾರತದವು ನವರಾತ್ರಿ ಉಪವಾಸಲ್ಲಿ ಗೋಧಿ ಬಿಟ್ಟು ಕುಟ್ಟು ಹಿಟ್ಟಿನ ಪೂರಿ ತಿಂತವಲ್ಲದಾ, ಆ ಕುಟ್ಟು ಹೇಳಿರೆ ಇದುವೇ. ನಮ್ಮ ಕರಾವಳಿಲಿ ಇದರ ಬೆಳೆತ್ತವಿಲ್ಲೆ, ಹಿಮಾಲಯದ ಗುಡ್ಡೆಗಳಲ್ಲಿ ಬೆಳೆತ್ತವು.

ಇದರ ಹುಟ್ಟೂರು ಚೀನಾದ ನೈರುತ್ಯ ಭಾಗ. ಅಲ್ಲಿಂದ ಹೆರಟು ಹದಿನಾಲ್ಕು-ಹದಿನೈದನೇ ಶತಮಾನಲ್ಲಿ ಯುರೋಪಿಂಗೆ ಎತ್ತಿತ್ತು. ಹೋದ ಹೋದಲ್ಲಿ ಇದರ ಪರದೇಶಿ ಹೇಳಿಯೇ ದಿನಿಗೇಳಿದವು. ರಷ್ಯಾದವಕ್ಕೆ ಇದು ‘ಗ್ರೆಚ್ಕ’, ಹೇಳಿರೆ ಗ್ರೀಕರದ್ದು. ಫ್ರಾನ್ಸಿನವಕ್ಕೆ ‘ಸರಾಸೆ’, ಹೇಳಿರೆ ಅರಬ್ಬರದ್ದು. ನಾವು ಹೆರಂದ ಬಂದದಕ್ಕೆಲ್ಲ ಸೀಮೆಬದನೆ, ಸೀಮೆಎಣ್ಣೆ ಹೇಳ್ತಿಲ್ಲೆಯಾ, ಹಾಂಗೆ. ಎಲ್ಲಿ ಹೋದರೂ ಅದು ಬಡವರ ಬೆಳೆ. ಸಾರ ಇಲ್ಲದ್ದ ಮಣ್ಣಿಲಿಯೂ ಬತ್ತು, ಹೆಚ್ಚು ಗೊಬ್ಬರ ಬೇಡ, ಕಳೆ ಏಳ್ಲೆ ಬಿಡ್ತಿಲ್ಲೆ. ಬಿತ್ತಿದ ಹತ್ತು-ಹನ್ನೆರಡು ವಾರಲ್ಲಿ ಕೊಯ್ಲು. ಬೇರೆ ಬೆಳೆ ಕೈಕೊಟ್ಟ ವರ್ಷ ಜುಲೈಲಿ ಇದರ ಬಿತ್ತಿರೂ ಚಳಿ ಹಿಡಿವ ಮದಲು ಹೊಟ್ಟೆಗೆ ಸಿಕ್ಕುಗು.

ಹದಿನೇಳನೇ ಶತಮಾನಲ್ಲಿ ಡಚ್ಚರು ಅಮೇರಿಕದ ಹಡ್ಸನ್ ಹೊಳೆ ಕರೆಲಿ ಮನೆ ಮಾಡಿ ಕೂದಪ್ಪಗ ಈ ಬಿತ್ತಿನನ್ನೂ ತಂದವು. ಜೇನು ಹುಳು ಆದರೂ ಅಲ್ಲಿಯಾಣದ್ದಲ್ಲ. ಈಗ ಅವು ಪೆಟ್ಟಿಗೆಲಿ ಸಾಂಕುವ ಜಾತಿಯ ಹುಳುವಿನ 1622ರಲ್ಲಿ ಇಂಗ್ಲೆಂಡಿಂದ ಹಡಗಿಲಿ ವರ್ಜೀನಿಯಕ್ಕೆ ತಂದದು. ಅಲ್ಲಿಯಾಣ ಮೂಲದ ಜನಂಗೊ ಅದರ ‘ಬೆಳಿ ಜನರ ನೊಣ’ ಹೇಳಿಗೊಂಡಿತ್ತಿದ್ದವಡ. ಗೆಡುವೂ ಹೆರಾಣದ್ದು, ಹುಳುವೂ ಹೆರಾಣದ್ದು, ಎನ್ನ ಮಗಳೂ ಹೆರಾಣದ್ದೇ. ಅದು ಆ ಕುಪ್ಪಿಯ ತಂದು ಮಡುಗಿದ್ದರಲ್ಲಿ ಆಶ್ಚರ್ಯ ಎಂತ ಇಲ್ಲೆ.

ಸೆಪ್ಟೆಂಬರ್ ಅಖೇರಿಗೆ ಅಳಿಯ ಎನ್ನ ಪೆನ್ ಯಾನ್ ಹೇಳ್ತ ಊರಿಂಗೆ ಕರಕ್ಕೊಂಡು ಹೋದ. ಅಲ್ಲಿ 1797ರಿಂದ ನೆಡವ ಬರ್ಕೆಟ್ ಗಿರಣಿ ಇದ್ದು, ಬಕ್‌ವೀಟ್ ಬೀಸುದರಲ್ಲಿ ಹೆಸರು ಹೋದ್ದು. ಗಿರಣಿಯ ಗೋಡೆಲಿ ದೊಡ್ಡ ಕಬ್ಬಿಣದ ಕಾವಲಿಗೆ ನೇಲ್ಸಿದ್ದವು. 1987ರಲ್ಲಿ ಅದರಲ್ಲಿ 28 ಅಡಿ ಅಗಲದ ಬಕ್‌ವೀಟ್ ದೋಸೆ ಎರದಿತ್ತಿದ್ದವಡ! ಅಷ್ಟು ದೊಡ್ಡದರ ಮೊಗಚ್ಚಿದ್ದು ಆರು ಹೇಳಿ ಕೇಳಿದೆ. ಅಳಿಯಂಗೆ ಗೊಂತಿತ್ತಿಲ್ಲೆ. ಊರಿನ ಹೆರ ಗದ್ದೆ ನೋಡಿದೆ. ಮೊಳಪ್ಪುಂದ ಮೇಲೆ ಎತ್ತರದ ಗೆಡುಗೊ, ದಂಟು ಕೆಂಪು, ಒಂದೇ ಗೆಡುವಿಲಿ ಬೆಳಿ ಹೂಗೂ ಇದ್ದು, ಕಪ್ಪಾದ ಬಿತ್ತೂ ಇದ್ದು. ಅಗಸ್ಟಿಲಿ ಬಂದಿದ್ದರೆ ಇಡೀ ಗದ್ದೆ ಬೆಳಿ ವಸ್ತ್ರ ಹಾಸಿದ ಹಾಂಗೆ ಇತ್ತು ಹೇಳಿದವು.

ಸಂತೆಯ ಅಜ್ಜ ಹೇಳಿದ ಒಂದು ಮಾತು ಎನಗೆ ಭಾರಿ ಹಿಡಿಸಿತ್ತು. ಈ ಹೂಗು ಜೇನು ಕೊಡುದು ಉದಿಯಪ್ಪಗ ಮಾಂತ್ರ. ಮಧ್ಯಾಹ್ನ ಅಪ್ಪಗ ನಿಂದತ್ತು. ಹಾಂಗಾಗಿ ಬಕ್‌ವೀಟ್ ಗದ್ದೆ ಹತ್ರಾಣ ಹುಳುಗೊಕ್ಕೆ ಹೊತ್ತೋಪಗ ಪಿಸುರು ಜಾಸ್ತಿ, ಪೆಟ್ಟಿಗೆ ಹತ್ರೆ ಹೋಪಲಾಗಡ. ಒಲೆ ಹೊತ್ತಿದ ಮತ್ತೆ ಡಬ್ಬಿಲಿ ಅಕ್ಕಿ ಇಲ್ಲೆ ಹೇಳಿ ಗೊಂತಾದರೆ ನವಗೆ ಹೇಂಗಾವ್ತು? ಹಾಂಗೆಯೇ.

ಮದಲು ಅಲ್ಲಿ ಹುಲ್ಲಿನ ಬುಟ್ಟಿಲಿ ಜೇನು ಸಾಂಕಿಗೊಂಡಿತ್ತಿದ್ದವು. ಜೇನು ತೆಗೆಯೆಕ್ಕಾರೆ ಗಂಧಕದ ಹೊಗೆ ಹಾಕಿ ಹುಳುಗಳ ಕೊಲ್ಲುದು, ಮತ್ತೆ ಎರಿಯ ಹಿಂಡುದು. ನಮ್ಮಲ್ಲಿ ಹೆಜ್ಜೇನಿಂಗೆ ಸೂಟೆ ಹಿಡುದ ಹಾಂಗೆ. ಇದರ ತಪ್ಪುಸಿದ್ದು ಲಾಂಗ್‌ಸ್ಟ್ರಾತ್ ಹೇಳ್ತ ಒಬ್ಬ ಪಾದ್ರಿ. 1851ರಲ್ಲಿ ಫಿಲಡೆಲ್ಫಿಯಲ್ಲಿ ಅವು ಕಂಡುಹಿಡುದ್ದು ಸಣ್ಣ ಸಂಗತಿ. ಪೆಟ್ಟಿಗೆಯ ಒಳ ಅರ್ಧ ಇಂಚಿಂದಲೂ ಕಮ್ಮಿ, ಹುಳು ನೆಡವಷ್ಟು ದಾರಿ ಬಿಟ್ಟರೆ ಹುಳುಗೊ ಅಲ್ಲಿ ಎರಿ ಕಟ್ಟುತ್ತವಿಲ್ಲೆ, ಅಂಟಿಲಿ ಮುಚ್ಚುತ್ತವೂ ಇಲ್ಲೆ. ಹಾಂಗಾರೆ ಎರಿ ಇಪ್ಪ ಚೌಕಟ್ಟಿನ ಎತ್ತಿ ನೋಡ್ಲಕ್ಕು, ಪುನಃ ಮಡುಗುಲಕ್ಕು, ಹುಳುವಿನ ಕೊಲ್ಲೆಕ್ಕು ಹೇಳಿಯೇ ಇಲ್ಲೆ. 1852ರಲ್ಲಿ ಪೇಟೆಂಟ್ ಸಿಕ್ಕಿತ್ತು. ಆದರೆ ಎಲ್ಲೋರೂ ನಕಲು ಮಾಡಿದವು, ಪಾಪ ಅವಕ್ಕೆ ಪೈಸೆ ಆದ್ದದು ಕಮ್ಮಿ. ನ್ಯೂಯಾರ್ಕ್ ರಾಜ್ಯದ ಮೊಹಾಕ್ ಕಣಿವೆಲಿ ಮೋಸಸ್ ಕ್ವಿನ್‌ಬಿ ಹೇಳ್ತವು ನೂರಾರು ಪೆಟ್ಟಿಗೆ ಮಡುಗಿ ಜೇನನ್ನೇ ಜೀವನ ಮಾಡಿಗೊಂಡವು, 1853ರಲ್ಲಿ ಪುಸ್ತಕ ಬರದವು, ಮತ್ತೆ ತಿದಿ ಇಪ್ಪ ಹೊಗೆ ಡಬ್ಬಿಯನ್ನೂ ಮಾಡಿದವು. 1865ರಲ್ಲಿ ಹ್ರುಷ್ಕ ಹೇಳ್ತವು ಎರಿಯ ತಿರುಗ್ಸಿ ಜೇನು ತೆಗವ ಯಂತ್ರ ಮಾಡಿದವು. ಎರಿ ಹಾಳಾಗದ್ದೆ ಪುನಃ ಹುಳುಗೊಕ್ಕೇ ಸಿಕ್ಕಿತ್ತು.

ಇದರ ಎಂತಕೆ ಇಷ್ಟು ಉದ್ದ ಹೇಳಿದೆ ಹೇಳಿರೆ, ಇದೇ ಲೆಕ್ಕವ ದಕ್ಷಿಣ ಭಾರತದ ಸಣ್ಣ ಜಾತಿಯ ತೊಡುವೆಗೆ ಹೊಂದುಸಿ ಫಾದರ್ ನ್ಯೂಟನ್ ಹೇಳ್ತವು 1911ರಿಂದ 1917ರ ವರೆಗೆ ತಿರುಚಿನಾಪಳ್ಳಿ ಹೊಡೆಲಿ ಪೆಟ್ಟಿಗೆ ಮಾಡಿ ಜನಂಗೊಕ್ಕೆ ಕಲಿಸಿದವು. ಎನ್ನ ಮಾವನ ಕಾಲಲ್ಲಿ ಹಟ್ಟಿ ಕರೆಲಿ ಇದ್ದ ಆರು ಪೆಟ್ಟಿಗೆಗೆ ಎಲ್ಲೋರೂ ನ್ಯೂಟನ್ ಪೆಟ್ಟಿಗೆ ಹೇಳಿಗೊಂಡಿತ್ತಿದ್ದವು. ಆನು ಇಷ್ಟು ವರ್ಷ ಗ್ರೇಶಿದ್ದು ಸೇಬು ಬಿದ್ದ ನ್ಯೂಟನ್ ಹೇಳಿ!

ಇನ್ನು ಬಣ್ಣದ ವಿಚಾರ. ಬೇಸಗೆ ಸುರುವಿಲಿ ಕ್ಲೋವರ್ ಹೂಗಿನ ಬೆಳಿ ಜೇನು, ಅಗಸ್ಟ್-ಸೆಪ್ಟೆಂಬರಿಲಿ ಬಕ್‌ವೀಟಿನ ಕಪ್ಪು ಜೇನು. ಪೇಟೆಯವಕ್ಕೆ ಬೇಕಾದ್ದು ಬೆಳಿ. ಅಮೇರಿಕಲ್ಲಿ ಜೇನಿನ ಬಣ್ಣವ ಅಳದು ಹೇಳುವ ಕ್ರಮವೇ ಇದ್ದು, ನೀರಿನ ಹಾಂಗೆ ಬೆಳಿ ಇಪ್ಪದರಿಂದ ಹಿಡುದು ಕಡುಗಪ್ಪಿನ ವರೆಗೆ. ಬಣ್ಣಕ್ಕೂ ಒಳ್ಳೆದು-ಹಾಳು ಹೇಳುದಕ್ಕೂ ಸಂಬಂಧ ಇಲ್ಲೆ, ಆದರೂ ಕಪ್ಪು ಜೇನಿಂಗೆ ಕ್ರಯ ಕಮ್ಮಿ, ಅದು ಬೇಕರಿಗೆ ಹೋಗಿಗೊಂಡಿತ್ತು. ಬೆಳೆಶಿದವರ ಮನೆಲಿ ಮಾಂತ್ರ ಚಳಿಗಾಲದ ಬಕ್‌ವೀಟ್ ದೋಸೆಗೆ ಇದೇ ಜೇನು. ಫ್ರಾನ್ಸಿಲಿ ಮಸಾಲೆ ಹಾಕಿದ ಜೇನಿನ ಕೇಕಿಂಗೆ ಕಪ್ಪು ಜೇನೇ ಆಯೆಕ್ಕು ಹೇಳುವವು ಇದ್ದವು, ಶುಂಠಿ ಲವಂಗದ ಎದುರು ಬೆಳಿ ಜೇನಿನ ರುಚಿ ಗೊಂತಾವ್ತಿಲ್ಲೆ. ನಮ್ಮ ಅತ್ತೆಯೂ ಹೆಣ್ಣು ನೋಡುವ ಹಾಂಗೆಯೇ ಜೇನನ್ನೂ ಬಣ್ಣ ನೋಡಿ ಹೇಳುಗು. ನೇರಳೆ ಹೂಗಿನ ಸಮಯದ ಜೇನು ಕಪ್ಪಾಗಿ ಬಂದರೆ “ಇದು ಹಳತ್ತು” ಹೇಳಿ ಕೆಲಸದವಕ್ಕೆ ಕೊಡುಗು. ಆದರೆ ಅದೇ ಅತ್ತೆ ಮುಜಂಟಿ ಜೇನು, ಅದೂ ಕಪ್ಪೇ, ಹುಳಿ ಬೇರೆ, ಮದ್ದಿಂಗೆ ಹೇಳಿ ದೇವರ ಕೋಣೆಲಿ ಮಡುಗುಗು!

ಬಕ್‌ವೀಟ್ ಬೆಳೆ ಕಮ್ಮಿ ಆದ್ದದು ಬಣ್ಣಂದ ಅಲ್ಲ, ಗೊಬ್ಬರಂದ. ಸಾರಜನಕದ ರಸಗೊಬ್ಬರ ಬಂದಪ್ಪಗ ಗೋಧಿ, ಜೋಳ ಎರಡು ಪಟ್ಟು ಬಂತು. ಬಕ್‌ವೀಟಿಂಗೆ ಎಷ್ಟು ಹಾಕಿರೂ ಅಷ್ಟೇ. ಬಡಮಣ್ಣಿನ ಬೆಳೆಗೆ ಬಡಮಣ್ಣೇ ಇಲ್ಲದ್ದೆ ಆತು. 1918ರಲ್ಲಿ ಅಮೇರಿಕಲ್ಲಿ ಹತ್ತು ಲಕ್ಷ ಎಕ್ರೆಂದ ಮೇಲೆ ಇದ್ದದು 1964ಕ್ಕಪ್ಪಗ 50 ಸಾವಿರ ಎಕ್ರೆಗೆ ಇಳುದತ್ತು. ಗದ್ದೆ ಹೋದ ಹಾಂಗೆ ಜೇನೂ ಹೋತು. ತನ್ನ ಅಪ್ಪ ಪೀಪಾಯಿಗಟ್ಳೆ ತುಂಬುಸಿಗೊಂಡಿತ್ತಿದ್ದವು, ತನಗೆ ಈಗ ವರ್ಷಕ್ಕೆ ಕೆಲವು ಡಬ್ಬಿ ಸಿಕ್ಕಿರೆ ಪುಣ್ಯ ಹೇಳಿದವು ಸಂತೆಯ ಅಜ್ಜ.

ಹಾಂಗೆ ಮೂಲೆ ಸೇರಿದ್ದರ ಪುನಃ ಹೆರ ತಂದದು ಮಕ್ಕಳ ಸೆಮ್ಮ. 2007ರಲ್ಲಿ ಅಮೇರಿಕದ ಔಷಧ ಇಲಾಖೆಯ ತಜ್ಞರು ಆರು ವರ್ಷಂದ ಸಣ್ಣ ಮಕ್ಕೊಗೆ ಅಂಗಡಿಯ ಶೀತ-ಸೆಮ್ಮದ ಸಿರಪ್ಪು ಬೇಡ ಹೇಳಿದವು. ಅದೇ ವರ್ಷ ಡಿಸೆಂಬರಿಲಿ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ವೈದ್ಯರ ಒಂದು ಅಧ್ಯಯನ ಹೆರ ಬಂತು. ಎರಡರಿಂದ ಹದಿನೆಂಟು ವರ್ಷದ 105 ಮಕ್ಕೊ. ಮನುಗುವ ಅರ್ಧ ಗಂಟೆ ಮದಲು ಕೆಲವಕ್ಕೆ ಬಕ್‌ವೀಟ್ ಜೇನು, ಕೆಲವಕ್ಕೆ ಜೇನಿನ ರುಚಿ ಹಾಕಿದ ಸಿರಪ್ಪು, ಕೆಲವಕ್ಕೆ ಎಂತದೂ ಇಲ್ಲೆ. ಮರದಿನ ಅಬ್ಬೆ-ಅಪ್ಪನ ಹತ್ರೆ ಕೇಳಿದವು. ಜೇನು ತಿಂದ ಮಕ್ಕೊಗೆ ಸೆಮ್ಮ ಕಮ್ಮಿ, ಒರಕ್ಕು ಲಾಯ್ಕ. ಎಂತದೂ ಕೊಡದ್ದರಿಂದ ಜೇನು ಒಳ್ಳೆದು ಹೇಳುದು ಗಟ್ಟಿ ಆತು. ಸಿರಪ್ಪಿಂದಲೂ ಮೇಲೆ ಹೇಳ್ಲೆ ಮಾಂತ್ರ ಲೆಕ್ಕ ಸಾಕಾಯಿದಿಲ್ಲೆ. ಇದಕ್ಕೆ ಪೈಸೆ ಕೊಟ್ಟದು ಅಲ್ಲಿಯಾಣ ಜೇನು ಮಂಡಳಿ, ಅದನ್ನೂ ಹೇಳದ್ದರೆ ತಪ್ಪಕ್ಕು. 2012ರಲ್ಲಿ ಇಸ್ರೇಲಿಲಿ ಬೇರೆ ಮೂರು ನಮೂನೆ ಜೇನು ಕೊಟ್ಟು ನೋಡಿದವು, ಅದುದೇ ಸೆಮ್ಮಕ್ಕೆ ಆತು. ಹಾಂಗಾರೆ ಕಪ್ಪೇ ಆಯೆಕ್ಕು ಹೇಳಿ ಇಲ್ಲೆ, ನಮ್ಮ ತೊಡುವೆಯೂ ಸಾಲದ್ದೆ ಬಾರ ಹೇಳಿ ಎನ್ನ ಅಂದಾಜಿ. ಕಪ್ಪು ಜೇನಿಲಿ ಉತ್ಕರ್ಷಣ ತಡವ ಅಂಶ ಬೆಳಿದರಿಂದ ಜಾಸ್ತಿ ಹೇಳುದು ಅಪ್ಪು, ಪರೀಕ್ಷೆ ಮಾಡಿ ನೋಡಿದ್ದವು. ಆದರೆ ಒಂದು ಚಮಚಲ್ಲಿ ಎಷ್ಟು ಇಕ್ಕು? ಅದಕ್ಕೆ ಬಸಳೆ, ನೆಲ್ಲಿಕಾಯಿ ತಿಂಬಲಕ್ಕು.

ಇನ್ನು ಎನ್ನ ಪಿಸುರಿನ ಪ್ರಶ್ನೆ. ಮಕ್ಕಳ ಡಾಕ್ಟ್ರು ಒಂದು ತಿಂಗಳ ತಪಾಸಣೆಗೆ ಹೋದಿಪ್ಪಗ ಎನ್ನ ಕೂರ್ಸಿ ಸಮಾಧಾನಲ್ಲಿ ಹೇಳಿದವು, ಮಗಳು ಕನ್ನಡಲ್ಲಿ ಬಿಡುಸಿ ಹೇಳಿತ್ತು. ಮಣ್ಣಿಲಿ ಇಪ್ಪ ಒಂದು ರೋಗಾಣುವಿನ ಬೀಜ ಕೆಲವು ಸರ್ತಿ ಜೇನಿಲಿಯೂ ಇರ್ತು. ಎಷ್ಟೇ ಶುದ್ಧ ಜೇನು ಆಗಲಿ, ಮನೆಲಿ ಕಾಸಿರೂ ಅದು ಸಾಯ್ತಿಲ್ಲೆ. ದೊಡ್ಡವರ ಹೊಟ್ಟೆಲಿ ಅದಕ್ಕೆ ಮೊಳಕೆ ಬಪ್ಪಲೆ ಎಡಿಯ. ವರ್ಷ ತುಂಬದ್ದ ಶಿಶುವಿನ ಕರುಳು ಎಳತ್ತು, ಅಲ್ಲಿ ಅದು ಬೆಳದು ವಿಷ ಬಿಡ್ತು. ಮದಲು ಮಲ ಕಟ್ಟುತ್ತು, ಮತ್ತೆ ಹಾಲು ಚೀಪುಲೆ ಶಕ್ತಿ ಇಲ್ಲೆ, ಕೂಗುವ ಸ್ವರ ಸಣ್ಣ ಆವ್ತು, ಕೊರಳು ನಿಲ್ಲುತ್ತಿಲ್ಲೆ, ಅಖೇರಿಗೆ ಉಸಿರಿಂಗೇ ಬತ್ತು. 1976ರಲ್ಲಿ ಕ್ಯಾಲಿಫೋರ್ನಿಯಲ್ಲಿ ಇದು ಬೇರೆಯೇ ರೋಗ ಹೇಳಿ ಗುರ್ತ ಹಿಡುದವು. ಜೇನಿಂದ ಬತ್ತು ಹೇಳಿ ಗೊಂತಾದ್ದು ಅದರ ಮತ್ತೆ.

“ಎಂಗಳ ಮಕ್ಕೊಗೆ ಎಂತ ಆಯಿದಿಲ್ಲೆನ್ನೆ” ಹೇಳಿ ಆನು ಪುನಃ ಹೇಳಿದೆ. “ಹೆಚ್ಚಿನವಕ್ಕೆ ಆವ್ತಿಲ್ಲೆ. ಅಪರೂಪವೇ. ಆದರೆ ಏವ ಕುಪ್ಪಿಲಿ ಇದ್ದು ಹೇಳಿ ನೋಡಿ ಗೊಂತಾವ್ತಿಲ್ಲೆ” ಹೇಳಿದವು. ಅಂಬಗ ಎನಗೆ ಅಜ್ಜಿ ಹೇಳಿಗೊಂಡಿದ್ದ ಒಂದು ಮಾತು ನೆಂಪಾತು. ಅವರ ಎರಡನೇ ಶಿಶು ನಾಲ್ಕು ತಿಂಗಳಿಲಿ “ಕೊರಳು ಬಿದ್ದು” ಹೋದ್ದಡ, ದೃಷ್ಟಿ ಆದ್ದು ಹೇಳಿ ಎಲ್ಲೋರೂ ಗ್ರೇಶಿದ್ದು. ಇದುವೇ ಹೇಳಿ ಆನು ಹೇಳ್ತಿಲ್ಲೆ, ಆ ಕಾಲಲ್ಲಿ ಎಂತ ಎಂತ ರೋಗ ಇತ್ತೋ. ಆದರೆ ಆ ದಿನ ಕಾರಿಲಿ ಮನಗೆ ಬಪ್ಪನ್ನಾರ ಎನಗೆ ಮಾತು ಬಯಿಂದಿಲ್ಲೆ. ಬಟ್ಟಮಾವಂಗೆ ಫೋನು ಮಾಡಿ ಕೇಳಿದೆ. ಅವು “ಮಂತ್ರ ಹೇಳಿ ಉಂಗಿಲಲ್ಲಿ ಜೇನು ಮುಟ್ಟುಸಿ ಶಿಶುವಿನ ಎದುರು ತೋರ್ಸಿರೆ ಸಾಕು” ಹೇಳಿದವು. ಹಾಂಗೇ ಮಾಡಿದೆಯೊ. ಊರಿಲಿ ಶಿಶುವಿಂಗೆ ಬಜೆ ತೇದು ಜೇನಿಲಿ ಕೊಡುವ ಅತ್ತಿಗೆಯಕ್ಕೊ ಇದರ ದಯಮಾಡಿ ಎರಡು ಸರ್ತಿ ಓದಿ.

ವರ್ಷ ಕಳುದ ಮಕ್ಕೊಗೆ ಅಕ್ಕು. ಆ ಅಧ್ಯಯನಲ್ಲಿ ಐದು ವರ್ಷದ ಒಳಾಣವಕ್ಕೆ ಅರ್ಧ ಚಮಚ, ಹನ್ನೊಂದರ ಒಳಾಣವಕ್ಕೆ ಒಂದು, ದೊಡ್ಡ ಮಕ್ಕೊಗೆ ಎರಡು ಚಮಚ ಕೊಟ್ಟದು. ಜ್ವರ, ಏದುಸಿರು ಇದ್ದರೆ ಜೇನು ನಕ್ಕುಸಿಗೊಂಡು ಕೂಬಲಾಗ, ಡಾಕ್ಟ್ರ ಹತ್ರೆ ಹೋಯೆಕ್ಕು. ಆನು ಅಲ್ಲಿ ಶುಂಠಿ, ಗೆಣಮೆಣಸು ಕೊದಿಶಿ, ಕೈಗೆ ಬೆಶಿ ತಾಗದ್ದಷ್ಟು ತಣುದ ಮತ್ತೆ ಈ ಕಪ್ಪು ಜೇನು ಸೇರ್ಸಿ ಅಳಿಯಂಗೆ ಕೊಟ್ಟೆ. ಜೇನಿನ ಬೆಶಿ ಮಾಡ್ಲಾಗ ಹೇಳುದು ನಮ್ಮ ಆಯುರ್ವೇದದ ಮಾತು, ಬೆಶಿ ಮಾಡಿರೆ ಪರಿಮ್ಮಳವೂ ಹೋವುತ್ತು. ರಾಗಿ ದೋಸೆಗೆ ತೆಳ್ಳವಿಂದಲೂ ಲಾಯ್ಕ ಹೊಂದುತ್ತು. ಹಾಲಿಂಗೆ ಹಾಕಿರೆ ಬೆಲ್ಲದ ಹಾಲಿನ ಹಾಂಗೆ. ಪಂಚಾಮೃತಕ್ಕೆ ಮಾಂತ್ರ ಬೇಡ, ಬಣ್ಣ ಕೆಡುತ್ತು. ಬಪ್ಪಗ ಒಂದು ಕುಪ್ಪಿ ಊರಿಂಗೂ ತಂದೆ. ಎಂಗಳ ಮನೆಯವು ಕಪ್ಪು ಜೇನಿಲಿ ಚೀಪೆ ಕಮ್ಮಿ, ಸಕ್ಕರೆ ಕಾಯಿಲೆಗೆ ಅಕ್ಕು ಹೇಳಿ ದಿನಾ ಎರಡು ಚಮಚ ತಿಂಬಲೆ ಸುರು ಮಾಡಿದವು. ರಕ್ತ ಪರೀಕ್ಷೆಲಿ ಗೊಂತಾತು. ಕಪ್ಪಾದರೂ ಸಕ್ಕರೆ ಸಕ್ಕರೆಯೇ. ಈಗ ಆ ಕುಪ್ಪಿ ಎನ್ನ ಕಪಾಟಿಲಿ, ಬೀಗದ ಒಳ.

ಆನು ಹೆರಡುವಗ ತೊಡುವೆ ಜೇನಿನ ಆ ಸಣ್ಣ ಕುಪ್ಪಿಗೆ ಕೂಸಿನ ಮದಲಾಣ ಹುಟ್ಟಿದಬ್ಬದ ತಾರೀಕು ಬರದು ಅಂಟುಸಿ ಮಗಳ ಕೈಲಿ ಕೊಟ್ಟಿಕ್ಕಿ ಬಂದಿತ್ತಿದ್ದೆ. ಆ ದಿನ ವಿಡಿಯೋ ಕಾಲಿಲಿ ಎಲ್ಲೋರೂ ಸೇರಿದೆಯೊ. ಕುಪ್ಪಿ ತೆಗದರೆ ಜೇನು ತುಪ್ಪದ ಹಾಂಗೆ ಗಟ್ಟಿ! ಮಗಳಿಂಗೆ ಹೆದರಿಕೆ, ಸಕ್ಕರೆ ಹಾಕಿದ್ದವಾ ಹೇಳಿ. ನಮ್ಮ ತೋಟದ ಸುತ್ತ ಈಗ ರಬ್ಬರ್ ಅಲ್ಲದಾ, ಆ ಜೇನು ಬೇಗ ಗಟ್ಟಿ ಆವ್ತು, ಉಗುರುಬೆಶಿ ನೀರಿಲಿ ಕುಪ್ಪಿಯ ಮಡುಗು ಹೇಳಿದೆ. ಅರ್ಧ ಗಂಟೆಲಿ ಕರಗಿತ್ತು. ಉಂಗಿಲಲ್ಲಿ ತೆಗದು ನಕ್ಕುಸಿದವು. ಕೂಸು ಒಂದು ಗಳಿಗೆ ಮೋರೆ ಹುಳಿ ಮಾಡಿತ್ತು, ಮತ್ತೆ ಉಂಗಿಲವ ಗಟ್ಟಿ ಕಚ್ಚಿ ಹಿಡುದು ಬಿಟ್ಟಿದೇ ಇಲ್ಲೆ. ಹಿಂದಂದ ಮಾಣಿ ಎನಗೆ ಕಪ್ಪಿಂದು ಬೇಕು ಹೇಳಿ ಬೊಬ್ಬೆ ಹೊಡಕ್ಕೊಂಡಿತ್ತಿದ್ದ.